ಮೇಷ್ಟ್ರ ಮುಷ್ಟಿಯಲ್ಲಿದ್ದ ಮಾತು

"ಫಾದರ್, ಇನ್ನೊಂದು ಸಲ ಹೇಳಿ. ಏನು ತೋಡುವವನು?"

"ಗೋಡೆ. ಗೋಡೆ ತೋಡುವವನು" ಎಂದಿತು ಫೋನಿನಲ್ಲಿ ಹಾಸನದ ಮುದಿ ಪಾದ್ರಿಯ ದನಿ. "ನೀವು ಕಳಿಸಿದ ಫೋಟೋದಲ್ಲಿ ಇರೋ ಮಾತು ತೊಯ್ಖೋರುಖೊಸ್. ತೊಯ್ಖೊಸ್ ಅಂದರೆ ಮನೆ ಗೋಡೆ. ಕೋಟೆ ಗೋಡೆಗೆ ಗ್ರೀಕರು ಬೇರೆ ಮಾತು ಇಟ್ಟುಕೊಂಡಿದ್ದರು. ಒರುಸ್ಸೊ ಅಂದರೆ ಅಗೆ, ತೋಡು. ಎರಡನ್ನೂ ಬೆಸೆದು ಒಂದು ಮಾಡಿದ್ದಾರೆ."

ಪತ್ತೇದಾರ ಅಮರನಾಥ ನಿಂತಿದ್ದುದು ಮಲ್ಲಿಪಟ್ಟಣದಲ್ಲಿ, ದೊಡ್ಡಯ್ಯ ಮೇಷ್ಟ್ರ ಕೋಣೆಯಲ್ಲಿ, ಅವರು ಪ್ರಾಣ ಬಿಟ್ಟ ಮಂಚದ ಪಕ್ಕದಲ್ಲೇ. ನಾಲ್ಕು ಕಡೆಯೂ ಮಣ್ಣಿನ ಗೋಡೆ. ಬೆನ್ನನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಬೇಕೆಂದು ಅವನಿಗೆ ತಿಳಿಯದಾಯಿತು.

"ಗೋಡೆ ಯಾಕೆ ತೋಡಬೇಕು ಫಾದರ್? ಬಾಗಿಲು ಇರಲಿಲ್ಲವಾ ಅವರಿಗೆ?"

ಪಾದ್ರಿ ನಕ್ಕರು. ಎಳೆಯ ವಯಸ್ಸಿನಲ್ಲಿ ಕಲಿತ ಗ್ರೀಕಿಗೆ ಈಗ ಗಿರಾಕಿ ಸಿಕ್ಕಿದ ಖುಷಿ ಅವರಿಗೆ. "ಬಾಗಿಲಿತ್ತು, ಅಗುಳಿಯೂ ಇತ್ತು. ಗೋಡೆ ಮಾತ್ರ ಸುಡದ ಇಟ್ಟಿಗೆಯದು, ಬರೀ ಮಣ್ಣು. ಬಾಗಿಲು ಮುರಿಯೋದಕ್ಕಿಂತ ಗೋಡೆ ತೋಡೋದು ಸುಲಭ, ಸದ್ದೂ ಕಡಿಮೆ. ಅದಕ್ಕೇ ಮನೆಗಳ್ಳನಿಗೆ ಆ ಹೆಸರು ಬಿತ್ತು. ಆಮೇಲಾಮೇಲೆ ಯಾವ ನೀಚನನ್ನು ಬೈಯೋದಕ್ಕೂ ಅದೇ ಮಾತು. ನಮ್ಮಲ್ಲೂ ಉಂಟಲ್ಲಪ್ಪ..."

"ಕನ್ನ" ಎಂದ ಅಮರನಾಥ. "ಕನ್ನಗಳ್ಳ."

"ಅದೇ ನೋಡಿ! ಮಣ್ಣು ಒಂದೇ ಆದರೆ ಕಳ್ಳನೂ ಒಂದೇ."

ಎಂಟು ದಿನದ ಹಿಂದೆ, ಒಳಗಿನಿಂದ ಅಗುಳಿ ಹಾಕಿದ್ದ ಈ ಕೋಣೆಯಲ್ಲಿ ಮೇಷ್ಟ್ರು ಸತ್ತು ಸಿಕ್ಕಾಗ ಅವರ ಮುಷ್ಟಿಯಲ್ಲಿ ಇದ್ದದ್ದು ಈ ಒಂದೇ ಮಾತಿನ ಚೀಟಿ. ಡಾಕ್ಟರು ಹೃದಯ ನಿಂತಿದೆ ಎಂದರು. ಪೊಲೀಸರು ಅಗುಳಿ ನೋಡಿ ತಲೆಯಾಡಿಸಿದರು. ಒಳಗಿನಿಂದ ಅಗುಳಿ ಹಾಕಿಕೊಂಡು ಸತ್ತವರನ್ನು ಲೋಕದಲ್ಲಿ ಯಾರೂ ಕೊಂದಿರುವುದಿಲ್ಲ.

ಕಾಣೆಯಾಗಿದ್ದುದು ಆರು ತಗಡಿನ ಡಬ್ಬಗಳು ಮಾತ್ರ. ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದ ದೊಡ್ಡಯ್ಯ, ನಿಘಂಟು ಮುಂದಿಟ್ಟುಕೊಂಡು ತಾವೇ ಗ್ರೀಕು ಕಲಿತವರು. ಒಂದೊಂದು ಗ್ರೀಕು ಮಾತಿಗೂ ಹಳ್ಳಿಗಾಡಿನ ಒಂದೊಂದು ಕನ್ನಡ ಮಾತನ್ನು ಜೊತೆ ಹುಡುಕಿ ನಲವತ್ತು ವರ್ಷ ಚೀಟಿ ಬರೆದು ಆ ಡಬ್ಬಗಳಲ್ಲಿ ತುಂಬಿದ್ದರು. ರದ್ದಿ ಕಾಗದ ಯಾರು ಕದಿಯುತ್ತಾರೆ ಎಂದು ಪೊಲೀಸರು ಕೈ ತೊಳೆದುಕೊಂಡರು. ಒಪ್ಪದೆ ಪಟ್ಟು ಹಿಡಿದವಳು ಮಗಳು ಶಿವರಂಜನಿ, ಹೊಳೆನರಸೀಪುರದಲ್ಲಿ ನರ್ಸು. ಅವಳ ಹಟಕ್ಕೆ ಮಣಿದು ಅಮರನಾಥನನ್ನು ಹುಡುಕಿಕೊಂಡು ಬಂದವನು ಅವಳ ಚಿಕ್ಕಪ್ಪನ ಮಗ ರಜನೀಶ್, ಹಾಸನದ ಒಂದು ಕಾಲೇಜಿನಲ್ಲಿ ಉಪನ್ಯಾಸಕ.

ಅಮರನಾಥ ಫೋನು ಜೇಬಿಗಿಟ್ಟು ಮಂಚದ ಕಡೆ ನೋಡಿದ.

ಹೋದ ವರ್ಷ ಲಕ್ವ ಹೊಡೆದು ಮೇಷ್ಟ್ರ ಮಾತು ನಿಂತಿತ್ತು. ಕೂಗಲಾರದ ಮನುಷ್ಯ ಇದೇ ಮಂಚದ ಮೇಲೆ ಮಲಗಿ, ತಲೆಯ ಹಿಂದೆ ಯಾರೋ ಗೋಡೆ ಕೆರೆಯುವುದನ್ನು ಕೇಳಿದ್ದಾನೆ. ಎಷ್ಟು ಹೊತ್ತು ಕೇಳಿದನೋ! ಕೈಗೆ ಸಿಕ್ಕಿದ್ದು ಪೆನ್ಸಿಲ್ಲು. ಕನ್ನಡದಲ್ಲಿ ಬರೆದಿದ್ದರೆ ಬಂದವನು ಓದಿ ಹರಿದು ಹಾಕುತ್ತಿದ್ದ. ಹಾಸಿಗೆಯ ತುಂಬ ಹರಡಿದ್ದ ಗ್ರೀಕು ಚೀಟಿಗಳ ನಡುವೆ ಇನ್ನೊಂದನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಅಮರನಾಥನ ಕಣ್ಣು ತೇವವಾಯಿತು. ಮರುಗಳಿಗೆಗೇ ಬೆನ್ನು ತಣ್ಣಗಾಯಿತು. ಕರುಣೆ ಬಂದರೂ ಅವನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಭಯ ಬಂದು ಅದನ್ನು ಆಚೆಗೆ ಅಟ್ಟುತ್ತದೆ. ಇಪ್ಪತ್ತು ವರ್ಷ ಇನ್ಶೂರೆನ್ಸ್ ಕ್ಲೇಮುಗಳ ಸುಳ್ಳು ನಿಜ ಹುಡುಕಿ ಪತ್ತೇದಾರ ಎನಿಸಿಕೊಂಡವನು ಅವನು. ಸುಟ್ಟ ಲಾರಿ, ಸತ್ತ ಎಮ್ಮೆ ಅವನ ಸರಹದ್ದು. ಕೊಲೆ ಅವನ ಜಾತಕದಲ್ಲೇ ಇರಲಿಲ್ಲ.

"ಬೆಳ್ಳಮ್ಮಾ, ಸ್ವಲ್ಪ ಒಳಗೆ ಬರ್ತೀರಾ? ಒಬ್ಬನೇ ಇದ್ದೀನಿ."

ಮೇಷ್ಟ್ರಿಗೆ ಅಡುಗೆ ಮಾಡಿಕೊಟ್ಟು, ಮನೆ ಸಾರಿಸುತ್ತಿದ್ದ ಪಕ್ಕದ ಮನೆಯ ಬೆಳ್ಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಇಬ್ಬರೂ ಸೇರಿ ಮಂಚ ಸರಿಸಿದರು. ಅದರ ಹಿಂದಿದ್ದ ಟ್ರಂಕನ್ನೂ ಎಳೆದರು.

ನೆಲಕ್ಕೆ ಹತ್ತಿದ ಹಾಗೆ, ಒಬ್ಬ ಮನುಷ್ಯ ತೆವಳುವಷ್ಟಗಲ, ಗೋಡೆಯ ಬಣ್ಣ ಬೇರೆಯಾಗಿತ್ತು. ಮುಟ್ಟಿದರೆ ಇನ್ನೂ ತಂಪು. ಮೇಲೆ ಸಗಣಿ ಬಳಿದು ಸಾರಿಸಿತ್ತು.

"ಇದ್ನ ನೀವು ಸಾರಿಸಿದ್ದಾ?"

ಬೆಳ್ಳಮ್ಮ ಕುಕ್ಕರಗಾಲಲ್ಲಿ ಕುಳಿತು ಬೆರಳಿನ ಗೀರುಗಳನ್ನು ನೋಡಿದಳು. ಅವಳ ಮುಖ ಸಣ್ಣಗಾಯಿತು.

"ನಾನಲ್ಲ ಸಾ. ನಾನ್ಯಾಕೆ ಇಂಗೆ ಸಾರುಸ್ಲಿ? ಇದು ಎಡಗೈದು!"

"ಹೇಗೆ ಹೇಳ್ತೀರಾ?"

"ನೋಡಿ ಇಲ್ಲಿ." ಅವಳು ಬಲಗೈಯನ್ನು ಗಾಳಿಯಲ್ಲಿ ಬೀಸಿ ತೋರಿಸಿದಳು. "ನಂದು ಈ ಕಡಿಂದ ಇಂಗೆ ಬಾಗ್ತದೆ. ಇದು ಆ ಕಡಿಂದ ಇಂಗೆ. ಮನೆ ಸಾರ್ಸೋಕೆ ಯಾರಾರಾ ಎಡಗೈ ಆಕ್ತಾರಾ ಸಾ? ನಮ್ಮತ್ತೆ ಬದ್ಕಿದ್ದಿದ್ರೆ ಕೈಗೇ ಬರೆ ಆಕೋರು. ಹೆಣ್ಣುಮಕ್ಕಳ ಕೆಲ್ಸ ಅಲ್ಲ ಇದು. ಯಾವನೋ ಗಂಡ್ಸು, ಆತ್ರದಾಗೆ ಮಾಡವ್ನೆ."

"ಯಾರು ಬಂದಿದ್ರು ಈ ಕೋಣೆಗೆ?"

"ಸಾವಿನ ಮನೆ ಸಾ. ನೂರು ಜನ ಬಂದ್ರು, ನೂರು ಜನ ಓದ್ರು."

ಅಮರನಾಥನ ಕಣ್ಣು ಮೂಲೆಯಲ್ಲಿದ್ದ ಮಡಕೆಯ ಮೇಲೆ ಬಿತ್ತು. ಅಂಗೈ ಅಗಲದ ಬಾಯಿ, ಕಪ್ಪಗೆ ಮಸಿ ಮೆತ್ತಿದ ಹೊಟ್ಟೆ.

"ಅದು?"

"ಮೇಷ್ಟ್ರು ನೀರು ಕುಡಿಯೋ ಮಡ್ಕೆ ಅಂತ ಪೊಲೀಸ್ನೋರು ಬರ್ಕಂಡ್ರು. ಮಸಿ ಮಡ್ಕೇಲಿ ನೀರು ಕುಡೀತಾರಾ? ಅದು ನಮ್ಮನೇದೂ ಅಲ್ಲ, ಮೇಷ್ಟ್ರುದೂ ಅಲ್ಲ. ಅದೆಂಗ್ ಬಂತೋ ಆ ದೇವ್ರೇ ಬಲ್ಲ."

ಆ ಬಡ ಮಡಕೆ ಅಮರನಾಥನನ್ನು ಯಾಕೋ ಗೋಡೆಗಿಂತ ಹೆಚ್ಚು ಹೆದರಿಸಿತು. ಅವನು ಅಂಗಳಕ್ಕೆ ಓಡಿ ಬಂದು, ಬಿಸಿಲಿನಲ್ಲಿ ನಿಂತು, ಜೇಬಿನಿಂದ ಒಂದು ಫೋನ್ ನಂಬರಿನ ಚೀಟಿ ತೆಗೆದ. ಮೊದಲ ಭೇಟಿಯಲ್ಲಿ ರಜನೀಶ್ ತನ್ನ ಇನ್ನೊಂದು ನಂಬರನ್ನು ಇಂಕು ಪೆನ್ನಿನಲ್ಲಿ ಬರೆದುಕೊಟ್ಟಿದ್ದ. ಅಂಕಿಗಳೆಲ್ಲ ಒಂದು ಕಡೆಗೆ ಉಜ್ಜಿಕೊಂಡು ಹೋಗಿದ್ದವು. ತನ್ನ ಬೆವರಿನ ಕೆಲಸ ಎಂದುಕೊಂಡು ಅಮರನಾಥ ಕಣ್ಣು ಕಿರಿದು ಮಾಡಿ ಒತ್ತಿದ. ಗಂಟೆ ಹನ್ನೆರಡೂವರೆ.

"ಸಾರ್, ಮಾತಿನ ಅರ್ಥ ಸಿಕ್ಕಿತು!"

ಆ ಕಡೆಯಿಂದ ಘರ್ರೋ ಎಂಬ ಸದ್ದು. "ಜೋರಾಗಿ ಹೇಳಿ ಅಮರನಾಥ್. ಕಾಲೇಜಲ್ಲಿ ಕರೆಂಟಿಲ್ಲ, ಜನರೇಟರ್ ಓಡ್ತಿದೆ."

ಅಮರನಾಥ ಜೋರಾಗಿಯೇ ಹೇಳಿದ. ಗ್ರೀಕರ ಮಣ್ಣಿನ ಗೋಡೆಯಿಂದ ಹಿಡಿದು ಬೆಳ್ಳಮ್ಮನ ಅತ್ತೆಯವರೆಗೆ ಒಂದೂ ಬಿಡದೆ ಹೇಳಿದ. ಹೆದರಿದವನಿಗೆ ಬಾಯಿ ಜಾಸ್ತಿ. "ಬಂದವನು ಎಡಚ ಸಾರ್! ಎಡಗೈಯವನು!"

ಘರ್ರೋ ಸದ್ದು ಮಾತ್ರ ಕೇಳುತ್ತಿತ್ತು.

"ಸಾರ್?"

"ಇದ್ದೀನಿ." ರಜನೀಶನ ದನಿ ಮೃದುವಾಗಿತ್ತು. "ಒಳ್ಳೆ ಕೆಲಸ ಮಾಡಿದ್ದೀರಿ. ಇದು ಇನ್ನು ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಸಾರ್. ಸಂಜೆ ಶಿವರಂಜನಿ ಅವರಿಗೆ ಹೇಳಿ..."

"ಬೇಡ. ನೈಟ್ ಡ್ಯೂಟಿ ಮುಗಿಸಿ ಮಲಗಿರ್ತಾಳೆ. ನಾನೇ ಹೇಳ್ತೀನಿ. ನೀವು ಹಾಸನಕ್ಕೆ ಹೋಗಿ ಆರಾಮಾಗಿರಿ."

ಎಂಥ ಒಳ್ಳೆಯ ಮಾತು! ಅಮರನಾಥ ಸ್ಕೂಟರಿನ ಕೀಲಿ ತಿರುಗಿಸಿಯೇಬಿಟ್ಟಿದ್ದ. ಅಷ್ಟರಲ್ಲಿ ಬೆಳ್ಳಮ್ಮ ಬೇಲಿಯ ಹತ್ತಿರ ಬಂದಳು.

"ಸಾ, ಕನ್ನ ಅಂದ್ರಲ್ಲ ಫೋನ್ನಾಗೆ. ಮೂರೊರ್ಸದ ಕೆಳಗೆ ಮೇಷ್ಟ್ರ ತಾವ ಒಬ್ಬ ಮುದ್ಕ ಬತ್ತಿದ್ದ. ದಂಡಿಗನಹಳ್ಳಿ ಹುಲಿಯಪ್ಪ ಅಂತ. ವಯಸ್ನಲ್ಲಿ ಅವ್ನು ಆಕ್ದೆ ಇದ್ದ ಕನ್ನ ಇಲ್ಲ ಅನ್ನೋರು. ಈಗ ಚನ್ನರಾಯಪಟ್ಟಣದ ಮಂಡೀಲಿ ತೆಂಗಿನಕಾಯಿ ಆರಿಸ್ಕಂಡವ್ನಂತೆ."

ಕನ್ನಗಳ್ಳನ ಹೆಸರು ಹುಲಿಯಪ್ಪ! ಹಾಸನದ ದಾರಿ ಕರೆಯುತ್ತಿತ್ತು. ಆದರೆ ಕೂಗಲಾರದೆ ಪೆನ್ಸಿಲ್ಲು ಹಿಡಿದ ಆ ಕೈ ಕಣ್ಣಿಗೆ ಕಟ್ಟಿತು. ಬೈದುಕೊಳ್ಳುತ್ತಲೇ ಅರಕಲಗೂಡಿನ ಮೇಲೆ ಚನ್ನರಾಯಪಟ್ಟಣಕ್ಕೆ ಸ್ಕೂಟರ್ ತಿರುಗಿಸಿದ.

ಹೊಳೆನರಸೀಪುರದಲ್ಲಿ ಶಿವರಂಜನಿಯ ಬೀದಿಯ ತಿರುವು ಸಿಕ್ಕಿತು. ಒಂದು ಗಳಿಗೆ ನಿಧಾನ ಮಾಡಿದ. ನಿದ್ದೆಗೆಟ್ಟ ಹೆಣ್ಣುಮಗಳು, ನಾಲ್ಕರ ತನಕ ಮಲಗಲಿ ಎಂದು ಸುಮ್ಮನೆ ಮುಂದೆ ಹೋದ.

ಮಂಡಿಯಲ್ಲಿ ಕಾಯಿಯ ರಾಶಿಯ ನೆರಳಿಗೆ ಗುಂಡು ಕನ್ನಡಕದ, ಒಣಗಿದ ಮುದುಕನೊಬ್ಬ ಕುಳಿತಿದ್ದ. ಎರಡು ಕಾಯಿಗಳನ್ನು ಒಂದಕ್ಕೊಂದು ತಟ್ಟಿ, ಕಿವಿಗೊಟ್ಟು, ಒಂದನ್ನು ಎಡಕ್ಕೆ ಎಸೆಯುತ್ತಿದ್ದ, ಇನ್ನೊಂದನ್ನು ಬಲಕ್ಕೆ. ಪಕ್ಕದಲ್ಲಿ ಉದ್ದನೆಯ ಮಚ್ಚು. ಅಮರನಾಥ ಮಚ್ಚಿನಿಂದ ಮೂರು ಮಾರು ದೂರ ನಿಂತು ಗಂಟಲು ಸರಿಮಾಡಿಕೊಂಡ.

"ಹುಲಿಯಪ್ಪ ಅಂದ್ರೆ ನೀವೇನಾ?"

"ನಾನೇಯ. ಅಷ್ಟು ದೂರ್ದಲ್ಲಿ ಯಾಕ್ ನಿಂತ್ಕಂಡ್ರಿ ಸಾ?"

"ದೊಡ್ಡಯ್ಯ ಮೇಷ್ಟ್ರ ಗೋಡೆಗೆ ಕನ್ನ ಹಾಕಿದ್ದು ನೀವು!"

ಧೈರ್ಯ ಎಲ್ಲಿಂದ ಬಂತೋ, ಹೇಳಿದ್ದು ಹೇಳಿಬಿಟ್ಟ.

ಮುದುಕನ ಕೈಯ ಕಾಯಿ ಅಲ್ಲೇ ನಿಂತಿತು. "ಮೇಷ್ಟ್ರ ಗ್ವಾಡೆಗಾ? ಮೇಷ್ಟ್ರು ಎಂಗವ್ರೆ?"

"ತೀರಿಕೊಂಡ್ರು. ಎಂಟು ದಿನ ಆಯ್ತು."

ಹುಲಿಯಪ್ಪ ಕನ್ನಡಕ ತೆಗೆದ. ಆಮೇಲೆ ಎರಡೂ ಕೈ ಚಾಚಿ ತೋರಿಸಿದ. ಗೆಣ್ಣುಗಳು ಸೊಟ್ಟಗಾಗಿ, ಬೆರಳು ಗಡಗಡ ನಡುಗುತ್ತಿದ್ದವು.

"ಈ ಕೈಲಿ ಒಂದ್ಲೋಟ ಕಾಪಿ ಇಡ್ಕಂಡ್ರೆ ಅರ್ಧ ನೆಲಕ್ಕೆ ಓಯ್ತದೆ. ನಾನು ಕನ್ನ ಬುಟ್ಟು ನಲವತ್ತೊರ್ಸ ಆಯ್ತು. ಜೈಲಿಂದ ಬಂದೋನ್ನ ಯಾರೂ ಅಟ್ಟಿಗೆ ಸೇರಿಸ್ನಿಲ್ಲ. ಪಕ್ಕದಲ್ಲಿ ಕುಂಡ್ರಿಸ್ಕಂಡು ಊಟ ಇಕ್ಕಿದ್ದು ಆ ಮನ್ಸ ಒಬ್ರೇಯ. ಅವ್ರ ಗ್ವಾಡೆ ಮುಟ್ಟೋ ಮುಂಚೆ ನನ್ ಕೈ ಸೇದೋಗ್ಲಿ."

ಸುಳ್ಳು ಹೇಳುವವರನ್ನು ಇಪ್ಪತ್ತು ವರ್ಷ ನೋಡಿದ ಅಮರನಾಥನಿಗೆ ಇದು ನಿಜವೆಂದು ಗೊತ್ತಾಯಿತು. ಅವನು ಒಂದು ಮಾರು ಹತ್ತಿರ ಬಂದ.

"ಒಂದ್ ಮಾತು ಯೋಳಿ ಸಾ" ಎಂದ ಹುಲಿಯಪ್ಪ. "ಅಲ್ಲಿ ಮಡ್ಕೆ ಸಿಕ್ತಾ?"

"ನಿಮಗೆ ಹೇಗೆ ಗೊತ್ತು?"

"ಮಸಿ ಮಡ್ಕೆ?"

"ಹೂಂ."

"ಅಂಗಾದ್ರೆ ನನ್ ಇದ್ಯೆನೇಯ." ಮುದುಕ ದನಿ ತಗ್ಗಿಸಿದ. "ಕನ್ನ ಕೊರೆದೋನು ಮೊದ್ಲು ತಲೆ ತೂರ್ಸಲ್ಲ ಸಾ. ಒಳಗೆ ಯಾವನಾರಾ ಮಚ್ಚು ಇಡ್ಕಂಡು ಕುಂತಿದ್ರೆ? ಕೋಲಿನ ತುದೀಗೆ ಮಸಿ ಮಡ್ಕೆ ಸಿಗಿಸಿ ಮೆಲ್ಲಗೆ ಒಳಕ್ಕೆ ಬುಡ್ತೀವಿ. ಕತ್ಲಲ್ಲಿ ತಲೆ ಇದ್ದಂಗೇ ಕಾಣ್ತದೆ. ಯಾರಾರಾ ವಡುದ್ರೆ ಮಡ್ಕೆ ಓಯ್ತು, ನಾವು ಓಟ. ಯಾರೂ ವಡೀನಿಲ್ವಾ, ನೂರು ಎಣುಸ್ತೀವಿ. ಒಳಗೆ ಒಂದು ಕೆಮ್ಮೂ ಕೇಳ್ದೆ ಇದ್ರೆ ಕಾಲು ಮುಂದು ಮಾಡಿ ಇಳೀತೀವಿ."

ಬಾಯಿಲ್ಲದ ಮೇಷ್ಟ್ರು. ಕತ್ತಲೆಯಲ್ಲಿ ಮೆಲ್ಲಗೆ ಒಳಗೆ ಬಂದ ಕಪ್ಪು ತಲೆ. ಆಮೇಲೆ ನೂರು ಎಣಿಸುವಷ್ಟು ಹೊತ್ತು. ಅಮರನಾಥ ಕಾಯಿ ರಾಶಿಗೆ ಒರಗಿ ಕುಳಿತುಬಿಟ್ಟ.

"ಸದ್ದಾಗಲ್ವಾ ಗೋಡೆ ಕೊರೆಯೋವಾಗ?"

"ಗ್ವಾಡೆಗೆ ಮೊದ್ಲು ನೀರು ಕುಡುಸ್ಬೇಕು. ನೆನೆದ್ರೆ ಗಿಣ್ಣಿನಂಗೆ ಉದುರ್ತದೆ. ಪಕ್ಕದಲ್ಲಿ ಮಿಶಿನ್ನು ಗಿಶಿನ್ನು ಓಡ್ತಿದ್ರಂತೂ ಅಗಲೊತ್ತಲ್ಲೇ ಆಕ್ಬೋದು."

"ಈ ವಿದ್ಯೆ ಯಾರಿಗೆ ಹೇಳಿಕೊಟ್ಟಿದ್ದೀರಿ?"

"ನನ್ ಮಕ್ಕಳ್ಗೂ ಯೋಳ್ಕೊಡ್ನಿಲ್ಲ. ಮೇಷ್ಟ್ರು ಒಬ್ರೇ ಕೇಳಿದ್ದು. ಯಾವ್ದೋ ಸೀಮೆ ಮಾತು ಐತೆ, ಅದ್ಕೆ ಜೊತೆ ನಿನ್ ಕಸುಬೇ ಹುಲಿಯಪ್ಪ ಅಂದ್ರು. ಮೂರ್ ದಿನ ಯೋಳ್ದೆ. ಬರ್ಕಂಡಿದ್ದು ಮಾತ್ರ ಇನ್ನೊಬ್ಬ."

"ಯಾರು?"

"ಅವ್ರ ತಮ್ಮನ ಮಗ. ಕಾಲೇಜ್ನಲ್ಲಿ ಪಾಟ ಮಾಡೋನು. ಮೇಷ್ಟ್ರು ಒಂದು ಕೇಳುದ್ರೆ ಅವ್ನು ನಾಕು ಕೇಳೋನು. ದೊಡ್ಡಪ್ಪ ಈ ಡಬ್ಬ ನಂಗೆ ಕೊಡಿ, ನಾನು ಡಾಕ್ಟ್ರು ಪದವಿ ಮಾಡ್ತೀನಿ ಅಂತ ಪೀಡ್ಸೋನು. ನನ್ ಮಗಳ್ಗೆ ಅದು ಅಂತ ಮೇಷ್ಟ್ರು ಬೈಯೋರು." ಮುದುಕ ಅಂಗೈ ಮಗುಚಿ ತೋರಿಸಿದ. "ಎಡಚ ಸಾ. ಬರೀತಾ ಬರೀತಾ ಕೈ ಇಂದ್ಗಡೆಯಿಂದ ಬಂದು ಇಂಕೆಲ್ಲ ಒರಸ್ಕಂಡು ಓಗೋದು. ಮೇಷ್ಟ್ರು ನಗೋರು."

ಅಮರನಾಥ ಜೇಬಿನಿಂದ ನಂಬರಿನ ಚೀಟಿ ತೆಗೆದ. ಅಂಕಿಗಳ ಮೇಲೆ ಅಂಗೈ ಎಳೆದ ಗುರುತು ಎಡದಿಂದ ಬಲಕ್ಕೆ ಹರಿದಿತ್ತು. ಬೆವರಿನ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾವಾದ ಮೇಲೆ ಮನೆ ಕಾಯುತ್ತೇನೆಂದು ಮೂರು ದಿನ ಅಲ್ಲೇ ಉಳಿದವನು ರಜನೀಶ್. ಕನ್ನಕ್ಕೆ ಟ್ರಂಕು ಮರೆ ಮಾಡಿ ಹೋಗಿದ್ದವನಿಗೆ ಆಮೇಲೆ ಗೋಡೆ ಮೆತ್ತುವುದಕ್ಕೆ ಬೇಕಾದಷ್ಟು ಸಮಯವಿತ್ತು. ಹಾಸನದಲ್ಲಿ ಗಟ್ಟಿಗರು ಎಷ್ಟೋ ಜನ ಇದ್ದರೂ ಅವನು ಹುಡುಕಿಕೊಂಡು ಬಂದದ್ದು ಎಮ್ಮೆ ಕ್ಲೇಮಿನ ಅಮರನಾಥನನ್ನು. ಹೆದರುಪುಕ್ಕಲ ಬೇಕಾಗಿತ್ತು ಅವನಿಗೆ. ಸಿಕ್ಕಿದ್ದನ್ನೆಲ್ಲ ಮೊದಲು ತನಗೇ ತಂದೊಪ್ಪಿಸುವ ಹೆದರುಪುಕ್ಕಲ. ಅಮರನಾಥ ಹಾಗೆಯೇ ಮಾಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಆ ಬರೆದುಕೊಂಡ ಪುಸ್ತಕ ಎಲ್ಲಿದೆ?"

"ನನ್ ಹೆಬ್ಬೆಟ್ಟು ಐತೆ ಅದ್ರಲ್ಲಿ, ಅವ್ನ ಅಕ್ಸರ ಐತೆ. ಮಗಳ ಮನೇಗೆ ಕಳ್ಸಿವ್ನಿ ಅಂದಿದ್ರು ಮೇಷ್ಟ್ರು."

ಮಗಳ ಮನೆಗೆ. ಆ ಪುಸ್ತಕ ಯಾರ ಕೈಗೆ ಸಿಕ್ಕಿದರೂ ಕನ್ನದ ವಿದ್ಯೆ ಗೊತ್ತಿರುವವನು ಯಾರೆಂದು ಹೇಳುತ್ತದೆ. ಅಮರನಾಥ ಶಿವರಂಜನಿಯ ನಂಬರು ಒತ್ತಿದ. ಎತ್ತಲಿಲ್ಲ. ಮತ್ತೆ ಒತ್ತಿದ. ಎತ್ತಲಿಲ್ಲ. ಗಂಟೆ ಮೂರೂ ಕಾಲು. ಮೂರನೆಯ ಸಲ ನಿದ್ದೆಗಣ್ಣಿನ ದನಿ ಬಂತು.

"ಸಾರ್... ಈಗಷ್ಟೇ ನಿದ್ದೆ ಹತ್ತಿತ್ತು."

ದನಿಯ ಹಿಂದೆ ಘರ್ರೋ ಸದ್ದು.

ಅಮರನಾಥ ಫೋನನ್ನು ಕಿವಿಗೆ ಒತ್ತಿ ಹಿಡಿದ. "ಏನು ಸದ್ದು ಅದು?"

"ಹಿತ್ತಲ ಕಡೆ ಹಿಟ್ಟಿನ ಗಿರಣಿ ಇದೆ ಸಾರ್. ಬೆಳಿಗ್ಗೆಯಿಂದ ನಿಂತೇ ಇಲ್ಲ."

ಜನರೇಟರ್ ಅಲ್ಲ. ಹನ್ನೆರಡೂವರೆಗೆ ರಜನೀಶ್ ಕಾಲೇಜಿನಲ್ಲಿ ಇರಲಿಲ್ಲ. ಇದೇ ಗಿರಣಿಯ ಪಕ್ಕದಲ್ಲಿ, ಇವಳ ಮನೆಯ ಹಿಂದೆ ನಿಂತು, ಅಮರನಾಥ ಕೂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದ.

"ನಿಮ್ಮ ಮನೆ ಗೋಡೆ ಎಂಥದು ಶಿವರಂಜನಿ ಅವರೇ?"

"ಏನ್ ಸಾರ್ ಇದು, ಈ ಹೊತ್ತಲ್ಲಿ... ಹಳೇ ಮನೆ. ಮಣ್ಣಿಂದು. ಭಯ ಪಡಬೇಡಿ, ಒಳಗಿಂದ ಅಗುಳಿ ಹಾಕ್ಕೊಂಡೇ ಮಲಗಿದ್ದೀನಿ."

"ಎದ್ದು ಆಚೆ ಬನ್ನಿ! ಈಗಲೇ!"

"ಯಾಕೆ? ತಡೀರಿ... ಮಂಚದ ಕೆಳಗೆ ಏನೋ ಉರುಳ್ತು." ಹಾಸಿಗೆ ಕಿರುಗುಟ್ಟಿತು. ಅವಳು ಬಗ್ಗಿರಬೇಕು. ದನಿ ದೂರವಾಯಿತು. "ಅಯ್ಯೋ, ಇದ್ಯಾವುದು ಮಡಕೆ? ತುಂಬ ಮಸಿ. ನಮ್ಮನೇಲಿ ಇಂಥದ್ದು ಇಲ್ಲವಲ್ಲ ಸಾರ್..."

"ಮಡಕೆ..." ಎನ್ನುತ್ತ ಅಮರನಾಥ ಹುಲಿಯಪ್ಪನ ಕಡೆ ತಿರುಗಿದ. ಅವನ ಮುಖ ನೋಡಿಯೇ ಹುಲಿಯಪ್ಪನಿಗೆ ಎಲ್ಲ ತಿಳಿಯಿತು. ನಡುಗುವ ಎರಡೂ ಕೈಯಿಂದ ಫೋನು ಕಿತ್ತುಕೊಂಡ.

"ಕೆಮ್ಮವ್ವಾ! ಕೂಗ್ಬೇಡ, ಕೂಗಿದ್ರೆ ಒಬ್ಳೇ ಅವ್ಳೆ ಅಂತ ಗೊತ್ತಾಯ್ತದೆ. ದಪ್ಪ ದನೀಲಿ ಕೆಮ್ಮು, ಮನೆ ತುಂಬ ಗಂಡಸ್ರು ಇದ್ದಂಗೆ ಕೆಮ್ಮು! ಮಡ್ಕೆ ವಡ್ದಾಕು!"

ಒಂದು ಕಾಲಕ್ಕೆ ಕತ್ತಲೆಯಲ್ಲಿ ಕೆಮ್ಮು ಕೇಳಬಾರದೆಂದು ಹರಕೆ ಹೊತ್ತವನು, ಈಗ ಹಾಡುಹಗಲಲ್ಲಿ ಒಂದೇ ಒಂದು ಕೆಮ್ಮಿಗಾಗಿ ಮಂಡಿಯ ಜನರೆಲ್ಲ ತಿರುಗಿ ನೋಡುವಂತೆ ಬೇಡುತ್ತಿದ್ದ.

ಅವಳಿಗೆ ಕೇಳಿಸಿತೋ ಇಲ್ಲವೋ. ಗಿರಣಿ ಘರ್ರೆನ್ನುತ್ತಲೇ ಇತ್ತು.

ಇದ್ದಕ್ಕಿದ್ದಂತೆ ಗಿರಣಿ ನಿಂತಿತು. ಕರೆಂಟು ಹೋಗಿರಬೇಕು. ಆ ಮೌನದಲ್ಲಿ ನೆನೆದ ಮಣ್ಣು ಹೆಂಟೆ ಹೆಂಟೆಯಾಗಿ ನೆಲಕ್ಕೆ ಬೀಳುವುದು ಸ್ಪಷ್ಟವಾಗಿ ಕೇಳಿಸಿತು.

"ಕೆಮ್ಮು ಮಗಾ..." ಎಂದ ಹುಲಿಯಪ್ಪ. ಅವನು ಅಳುತ್ತಿದ್ದ.

ಅತ್ತ ಕಡೆ ಯಾರೋ ಕೆಮ್ಮಿದರು.

ಅದು ಅವಳು ದನಿ ದಪ್ಪ ಮಾಡಿ ಕೆಮ್ಮಿದ್ದಲ್ಲ, ಗಂಡಸಿನದೇ ಕೆಮ್ಮು. ತೀರ ಹತ್ತಿರದಿಂದ, ಫೋನಿಗೇ ಬಾಯಿಟ್ಟ ಹಾಗೆ ಕೇಳಿಸಿತು.